ಮೈಕಿಲ್ಲದೆ ಮುಯ್ಯಿ ಎತ್ತಿದ ಪೇಮೆಂಟ್ ಲಿಂಕ್ ಅವರಿಗೆ

ಗೆ,
ಶ್ರೀಯುತ ಪೇಮೆಂಟ್ ಲಿಂಕ್ ಅವರು,
ಮುಕ್ಕಾಂ: ನನ್ನ ಫೋನು, ಈಚೆಗೆ ಕಂಪ್ಲಿಯ ಅರ್ಧ ಊರಿನ ಫೋನು.

ಮಾನ್ಯರೇ,

ಹೊಸಪೇಟೆಯ ನೀಲಗಂಗಮ್ಮ ಶಾಮಿಯಾನ ಮತ್ತು ಪಾತ್ರೆ ಬಾಡಿಗೆ ಅಂಗಡಿಯ ಸಿದ್ದಲಿಂಗೇಶ್, ಬಿ.ಎ., ತಮಗೆ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಮಗೆ ಪಾದಗಳಿಲ್ಲವೆಂದು ಬಲ್ಲೆನಾದರೂ ಅಡಿಯಲ್ಲಿ ಒಂದು ನೀಲಿ ಗೆರೆ ಇರುವುದರಿಂದ ಅದಕ್ಕೇ ಭಕ್ತಿಯಿಂದ ಹಣೆ ಮುಟ್ಟಿಸಿದೆ. ಮುಟ್ಟಿಸಿದ ಕೂಡಲೇ ತಾವು ಎಂದಿನ ಚುರುಕಿನಿಂದ ತೆರೆದುಕೊಂಡು ‘ಮೊತ್ತ ನಮೂದಿಸಿ’ ಎಂದು ಕೇಳಿದಿರಿ. ನಮಸ್ಕಾರ ಮಾಡಿದವರಿಗೆ ಹರಸುವವರನ್ನು ಕಂಡಿದ್ದೆ, ಮುಖ ತಿರುಗಿಸುವವರನ್ನೂ ಕಂಡಿದ್ದೆ, ಆದರೆ ಇಷ್ಟು ನೇರವಾಗಿ ವ್ಯವಹಾರಕ್ಕೆ ಬರುವವರನ್ನು ಕಂಡದ್ದು ಇದೇ ಮೊದಲು. ತಮಗೆ ಖಾಸಗಿಯಾಗಿಯೇ ಬರೆಯಬೇಕೆಂದಿದ್ದೆ. ಆದರೆ ತಮ್ಮಿಂದ ಬರುವ ಪ್ರತಿ ಸಂದೇಶದ ಕೊನೆಗೂ ‘ಇದಕ್ಕೆ ಉತ್ತರಿಸಬೇಡಿ’ ಎಂಬ ಅಪ್ಪಣೆ ಇರುವುದರಿಂದ, ಅದನ್ನು ಮೀರುವ ಧೈರ್ಯವಿಲ್ಲದೆ, ಹೀಗೆ ಬಹಿರಂಗವಾಗಿ ಬರೆಯುತ್ತಿದ್ದೇನೆ. ಅಪರಾಧವಾದರೆ ಮನ್ನಿಸಿ.

ಮೊದಲು ತಮ್ಮ ಉಪಕಾರವನ್ನು ನೆನೆಯಬೇಕು. ತಾವು ನಮ್ಮ ಅಂಗಡಿಗೆ ಬರುವ ಮುನ್ನ ಶಾಮಿಯಾನ ಕಟ್ಟುವುದು ಅರ್ಧ ದಿನದ ಕೆಲಸವಾಗಿತ್ತು, ಅದರ ಬಾಡಿಗೆ ಎತ್ತುವುದು ಅರ್ಧ ವರ್ಷದ ಕೆಲಸವಾಗಿತ್ತು. ಮಂಗಳವಾರ, ಶುಕ್ರವಾರ ಹೋದರೆ ಮನೆಯ ಲಕ್ಷ್ಮಿಯನ್ನು ಹೊರಗೆ ಕಳಿಸುವಂತಿಲ್ಲ. ಅಮಾವಾಸ್ಯೆಗೆ ಯಾರೂ ಪೆಟ್ಟಿಗೆ ತೆರೆಯುವುದಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ದುಡ್ಡಿನ ಮಾತೆತ್ತಿದರೆ ಮನೆಯ ಹಿರಿಯರು ಸಿಡಿಮಿಡಿಗೊಳ್ಳುತ್ತಾರೆ. ಉಳಿದ ಹೊತ್ತಿನಲ್ಲಿ ಯಜಮಾನರು ಮನೆಯಲ್ಲಿರುವುದಿಲ್ಲ. ಇದ್ದರೂ ‘ಬರ್ರಿ ಸಿದ್ದಣ್ಣ, ಕುಂದ್ರಿ, ಚಾ ಕುಡೀರಿ’ ಎಂದು ಎಷ್ಟು ಪ್ರೀತಿಯಿಂದ ಕೂರಿಸುತ್ತಿದ್ದರೆಂದರೆ, ಚಹದ ಲೋಟ ಕೆಳಗಿಟ್ಟು ಬಾಡಿಗೆ ಕೇಳುವವನು ಮನುಷ್ಯನೇ ಅಲ್ಲವೆಂದು ನನಗೇ ಅನ್ನಿಸಿ, ಸಕ್ಕರೆ ಸರಿಯಾಗಿದೆಯೆಂದು ಹೇಳಿ ಎದ್ದು ಬರುತ್ತಿದ್ದೆ.

ಇಂಥ ದುರ್ಬಲನ ಕೈಗೆ ತಮ್ಮ ಕಂಪನಿಯ ಪ್ರತಿನಿಧಿಯೊಬ್ಬರು ತಮ್ಮನ್ನು ಒಪ್ಪಿಸಿ, ಜೊತೆಗೆ ದುಡ್ಡು ಬಂದರೆ ಗಟ್ಟಿಯಾಗಿ ಒದರುವ ಒಂದು ಮಾತಾಡುವ ಡಬ್ಬಿಯನ್ನೂ ಕೊಟ್ಟು ಹೋದರು. ಪರೀಕ್ಷೆಗೆಂದು ಹಂಪಿಯ ಶ್ರೀಪತಿ ಆಚಾರ್ಯರಿಗೆ, ಅವರ ಮನೆಯ ಮುಂಜಿಗೆ ಕೊಟ್ಟಿದ್ದ ಕುರ್ಚಿಗಳ ಬಾಬತ್ತು ತಮ್ಮನ್ನು ಕಳಿಸಿದೆ. ಸಂಧ್ಯಾವಂದನೆ ಮುಗಿಸಿ ಎದ್ದವರು ಪಂಚೆ ಬದಲಿಸುವ ಮೊದಲೇ ದುಡ್ಡು ಹಾಕಿದರು. ಕೌಂಟರಿನ ಮೇಲಿನ ಡಬ್ಬಿ ಇಡೀ ಓಣಿಗೆ ಕೇಳುವಂತೆ ಘೋಷಿಸಿದಾಗ ನನ್ನ ಹೆಂಡತಿ ಗಂಗೋತ್ರಿ ಒಳಗಿನಿಂದ ಓಡಿಬಂದು, ‘ಯಾರ್ರೀ ಇವರು? ಕೇಳಿದ ಕೂಡ್ಲೆ ಕೊಡೋರು ಇನ್ನೂ ಅದಾರೇನ್ರಿ?’ ಎಂದಳು. ಅಂದಿನಿಂದ ತಮ್ಮ ಮೇಲೆ ನನಗೆ ಹುಟ್ಟಿದ ನಂಬಿಕೆಯನ್ನು ನನ್ನ ಸ್ವಂತ ತಮ್ಮನ ಮೇಲೂ ನಾನು ಇಟ್ಟವನಲ್ಲ.

ಈಗ ದೂರಿಗೆ ಬರುತ್ತೇನೆ. ದೂರೆಂದರೆ ದೊಡ್ಡ ಮಾತು; ವಿನಮ್ರ ನಿವೇದನೆ ಎನ್ನೋಣ.

ಕಂಪ್ಲಿಯಲ್ಲಿ ಬಾಳೆಕಾಯಿ ವ್ಯಾಪಾರ ಮಾಡುವ ಪಾಲಯ್ಯನವರು ತಮ್ಮ ಮಗಳು ಐಶ್ವರ್ಯಳ ಮದುವೆಗೆ ಶಾಮಿಯಾನ, ಕುರ್ಚಿ, ಪಾತ್ರೆ, ಮೈಕ್‌ಸೆಟ್ ಎಲ್ಲವನ್ನೂ ನಮ್ಮಲ್ಲೇ ಹೇಳಿದ್ದರು. ಮದುವೆಗೆ ಇನ್ನೊಂದು ವಾರವಿರುವಾಗ ಬಾಡಿಗೆಯ ಸಲುವಾಗಿ ಅವರಿಗೆಂದೇ ತಮ್ಮನ್ನು ಹೊಸದಾಗಿ ಸೃಷ್ಟಿಸಿದೆ. ಯಾವ ಕಾರಣಕ್ಕೆ ಎಂದು ಕೇಳಿದಿರಿ. ‘ಐಶ್ವರ್ಯಳ ಮದುವೆ, ಕಂಪ್ಲಿ’ ಎಂದು ಬರೆದೆ. ಮೊತ್ತ ಇಂತಿಷ್ಟೇ ಇರಲೋ ಅಥವಾ ಕೊಡುವವರ ಇಷ್ಟವೋ ಎಂದು ಕೇಳಿದಿರಿ. ನಮ್ಮ ಕಡೆ ಯಾರೂ ಬಾಡಿಗೆಯನ್ನು ಇಡಿಯಾಗಿ ಕೊಡದೆ ಬಂದಾಗ ಬಂದಷ್ಟು ಕೊಡುವುದರಿಂದ, ‘ಕೊಡುವವರ ಇಷ್ಟ’ ಎಂದೆ. ಒಮ್ಮೆಗೇ ಮುಗಿಯಬೇಕೋ ಎಷ್ಟು ಸಲವಾದರೂ ಹಾಕಬಹುದೋ ಎಂದು ಕೇಳಿದಿರಿ. ಎಷ್ಟು ಸಲವಾದರೂ ಹಾಕಲಿ ಎಂದೆ. ತಾವು ಕೇಳಿದ್ದಕ್ಕೆಲ್ಲ ನಮ್ಮ ಸೀಮೆಯ ಅನುಭವದಿಂದಲೇ ಉತ್ತರ ಕೊಟ್ಟೆನೇ ಹೊರತು ಒಂದರಲ್ಲೂ ಉಡಾಫೆ ಮಾಡಲಿಲ್ಲ.

ಆದರೆ ಬರಿಯ ಲಿಂಕನ್ನು ಕಳಿಸುವುದು, ಖಾಲಿ ತಟ್ಟೆಯನ್ನು ಮುಂದೆ ಒಡ್ಡಿದಂತೆ ಕಾಣುತ್ತದೆಂದು ನನಗೆ ಸಂಕೋಚವಾಯಿತು. ಕಾಲೇಜಿನಲ್ಲಿ ಪ್ರಾಸ ಹಾಕುವ ಚಟ ಹತ್ತಿದವನಾದ್ದರಿಂದ ತಮ್ಮ ತಲೆಯ ಮೇಲೆ ನಾಲ್ಕು ಸಾಲು ಕೂರಿಸಿದೆ:

ಒತ್ತಿದರೊಮ್ಮೆ ಕೆಳಗಿನ ಗೆರೆ
ಇಳಿಯುವುದೆಮ್ಮ ಮನಸಿನ ಹೊರೆ;
ಐಶ್ವರ್ಯಳ ಮದುವೆಯ ಈ ಶುಭ ವೇಳೆ
ಕೈಲಾದಷ್ಟು ಕೊಡಿ, ಇಂದಿಲ್ಲವೆ ನಾಳೆ.

ಬಾಡಿಗೆಯನ್ನು ಇಷ್ಟು ಮರ್ಯಾದೆಯಿಂದ ಕೇಳಿದ ಶಾಮಿಯಾನದವನು ಜಿಲ್ಲೆಯಲ್ಲೇ ಇರಲಾರನೆಂದು ಬೀಗುತ್ತಾ ಪಾಲಯ್ಯನವರಿಗೆ ಕಳಿಸಿದೆ. ಅವರು ಕೂಡಲೇ ಒಂದು ಹೆಬ್ಬೆರಳು ಎತ್ತಿದರು.

ಮರುದಿನ ಬೆಳಗ್ಗೆ ಡಬ್ಬಿ ‘ಐನೂರಾ ಒಂದು ರೂಪಾಯಿ ಸ್ವೀಕರಿಸಲಾಗಿದೆ’ ಎಂದಿತು. ತಿಂಡಿ ತಿನ್ನುವಷ್ಟರಲ್ಲಿ ‘ಇನ್ನೂರಾ ಒಂದು’. ಮಧ್ಯಾಹ್ನಕ್ಕೆ ‘ಸಾವಿರದ ಒಂದು’. ಪಾಲಯ್ಯನವರು ಬಾಡಿಗೆಯನ್ನು ಕಂತಿನಲ್ಲಿ ಕೊಡುತ್ತಿದ್ದಾರೆ, ಅದರಲ್ಲೂ ಪ್ರತಿ ಕಂತಿಗೆ ಶುಭವೆಂದು ಒಂದು ರೂಪಾಯಿ ಸೇರಿಸುತ್ತಿದ್ದಾರೆ, ಎಂಥ ಸಂಸ್ಕಾರವಂತರು ಎಂದು ನನ್ನ ಕಣ್ಣು ತುಂಬಿ ಬಂತು. ಕೊಟ್ಟವರ ಹೆಸರು ಫೋನಿನಲ್ಲಿ ಕಾಣುತ್ತದಂತೆ. ಕಿವಿಗೆ ಇಷ್ಟು ಇಂಪಾಗಿ ಕೇಳುತ್ತಿರುವಾಗ ಕಣ್ಣಿಗೇಕೆ ಶ್ರಮ ಎಂದು ನೋಡಲಿಲ್ಲ. ಮೂರನೆಯ ದಿನ ಡಬ್ಬಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಗಂಗೋತ್ರಿ, ‘ಏನ್ರೀ ಇದು, ಪಾಲಯ್ಯನೋರು ಹುಂಡಿ ಒಡದು ಎಣಿಸಿ ಎಣಿಸಿ ಹಾಕಾಕತ್ತಾರೇನು?’ ಎಂದಳು. ಬಂದದ್ದು ಬಾಡಿಗೆಯನ್ನು ಮೀರಿತು. ಮೀರಿದ್ದನ್ನು ಅವರ ಸಂತೋಷದ ಇನಾಮೆಂದು ತಿಳಿದು, ನಾನೂ ಕಡಿಮೆಯವನಾಗಬಾರದೆಂದು, ಹೂವಿನ ಸ್ವಾಗತ ಕಮಾನೊಂದನ್ನು ಪುಕ್ಕಟೆಯಾಗಿ ಲಾರಿಗೆ ಹೇರಿಸಿದೆ.

ಮಾನ್ಯರೇ, ತಾವು ಹುಟ್ಟಿದ್ದು ಎಲ್ಲೋ ಏಸಿ ಕೋಣೆಯಲ್ಲಾದ್ದರಿಂದ ನಮ್ಮ ಕಡೆಯ ಮದುವೆಯ ಒಂದು ಪದ್ಧತಿಯನ್ನು ತಮಗೆ ಅರಿಕೆ ಮಾಡಬೇಕು. ಇಲ್ಲಿ ಮುಯ್ಯಿಯನ್ನು ಲಕೋಟೆಯಲ್ಲಿಟ್ಟು ಕಳ್ಳರಂತೆ ಕೈಗೆ ತುರುಕುವುದಿಲ್ಲ. ಚಪ್ಪರದ ಪಕ್ಕದಲ್ಲಿ ಮೇಜು ಹಾಕಿ, ಬಂದವರು ಕೊಟ್ಟದ್ದನ್ನು ಹೆಸರು, ಊರು, ಮೊತ್ತದ ಸಮೇತ ಮೈಕಿನಲ್ಲಿ ಕೂಗುತ್ತೇವೆ. ಅದಕ್ಕೆ ಓದಿಸುವುದು ಎನ್ನುತ್ತಾರೆ. ಹೆಸರು ಕೂಗಿದಾಗ ಕೊಟ್ಟವರು ಊಟದ ಪಂಕ್ತಿಯಲ್ಲಿದ್ದರೂ ಕೈ ತಡೆದು ಕೇಳಿಸಿಕೊಳ್ಳುತ್ತಾರೆ; ಬೀಗರು ಕೇಳಿಸಿಕೊಂಡರೋ ಇಲ್ಲವೋ ಎಂದು ಹೆಣ್ಣಿನ ತಾಯಿ ನೋಡುತ್ತಾಳೆ. ಯಾರು ಯಾರಿಗೆ ಬೇಕಾದವರು ಎಂಬುದು ಊರಿಗೆ ಗೊತ್ತಾಗುವುದು ಹಾಗೆ. ನಮ್ಮಲ್ಲಿ ಮೈಕಿನ ಬಾಡಿಗೆಯೊಂದಿಗೆ ನನ್ನ ಕಂಠ ಉಚಿತವಾದ್ದರಿಂದ ಐಶ್ವರ್ಯಳ ಮದುವೆಯಲ್ಲೂ ಓದಲು ಕೂತವನು ನಾನೇ.

ಅಂದು ಓದಲು ಬಂದದ್ದು ಅಲ್ಪ. ಮೇಜಿನತ್ತ ಯಾರೂ ಸುಳಿಯರು. ಎಲ್ಲರೂ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುವರು. ಮುಂದಿನ ಸಾಲಿನಲ್ಲಿ ಒಬ್ಬ ಹಿರಿಯ ಹೆಂಗಸು, ಹಸಿರು ಇಳಕಲ್ ಸೀರೆಯವರು, ಅಕ್ಕಿಕಾಳು ಬಿದ್ದು ಊಟ ಶುರುವಾದರೂ ಏಳದೆ ನನ್ನ ಬಾಯನ್ನೇ ನೋಡುತ್ತ ಕೂತಿದ್ದರು. ನನ್ನ ಕಂಠಕ್ಕೆ ಮನಸೋತಿದ್ದಾರೆಂದು ಭಾವಿಸಿ ಅವರಿಗಾಗಿ ಎರಡು ಪ್ರಾಸ ಹೆಚ್ಚಿಗೇ ಹಾಕಿದೆ. ಮೈಕು ಆಫ್ ಮಾಡಿದಾಗ ಆಕೆ ಎದ್ದು, ಯಾರಿಗೂ ಹೇಳದೆ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಆಕೆ ಎರ್ರೆಮ್ಮ ಎಂದೂ, ಹೆಣ್ಣಿನ ತಾಯಿ ಹೊಳೆಮ್ಮನವರ ಒಡಹುಟ್ಟಿದ ಅಕ್ಕನೆಂದೂ, ದೋಣಿಮಲೈ ಬಸ್‌ಸ್ಟಾಪಿನಲ್ಲಿ ಗಣಿಯ ಪಾಳಿ ಬಿಟ್ಟು ಬರುವವರಿಗೆ ಮಿರ್ಚಿ ಮಂಡಕ್ಕಿ ಮಾರುವವರೆಂದೂ ನನಗೆ ತಿಳಿದದ್ದು ಆಮೇಲೆ, ಶಾಮಿಯಾನ, ಪಾತ್ರೆ ತರಲು ಮತ್ತೆ ಕಂಪ್ಲಿಗೆ ಹೋದಾಗ.

ಪಾಲಯ್ಯನವರು ನನ್ನನ್ನು ಕಂಡ ಕೂಡಲೇ ಕೈ ಮುಗಿದರು. ‘ಸಿದ್ದಣ್ಣ, ಬೈಬ್ಯಾಡ್ರಿ. ಬಾಡಿಗಿ ಒಂದು ತಿಂಗಳು ತಡೀರಿ. ಈ ಸಲ ಓದಿಸಿದ್ದು ಭಾಳ ಕಡಿಮಿ ಆತು, ನಿಮ್ಮ ಗಂಟಲಾ ಸೈತ ದಣೀಲಿಲ್ಲ ನೋಡ್ರಿ’ ಎಂದರು. ನನಗೇನೂ ತಿಳಿಯದೆ ನಿಂತಿರುವಾಗ, ಕೊಪ್ಪರಿಗೆ ಉಜ್ಜುತ್ತಿದ್ದ ಹೊಳೆಮ್ಮನವರು ತಲೆ ಎತ್ತದೆ ಹೇಳಿದರು: ‘ಮಂದಿ ಹೋಗ್ಲಿ ಬಿಡ್ರಿ. ಅಪ್ಪ ಅವ್ವ ಹೋದಮ್ಯಾಲೆ ನಮ್ಮಕ್ಕನ ನನಗ ತವರುಮನಿ. ಮುಂದಿನ ಸಾಲಿನ್ಯಾಗ ಕುಂತು, ಒಂದು ರೂಪಾಯಿ ಓದಿಸದಂಗ ಎದ್ದು ಹೋದ್ಳು. ಬೀಗರ ಮುಂದ ನನ್ನ ತವರಿನ ಹೆಸರ ಬರಲಿಲ್ಲ. ಉಡಿ ತುಂಬತೀನಿ ನಿಂದ್ರು ಅಂತ ಬಸ್‌ಸ್ಟ್ಯಾಂಡಿನ ತನ ಓಡಿದ್ರ, ಹೆಸರಿಲ್ಲದಾಕಿಗೆ ಉಡಿ ಯಾಕ ಬೇಕು ಅಂದು ಬಸ್ ಹತ್ತಿದ್ಳು. ಕೊಡದಾಕೀನೂ ಆಕೀನ, ಸಿಟ್ಟು ಮಾಡಿದಾಕೀನೂ ಆಕೀನ.’ ಒಡಹುಟ್ಟಿದವರ ಮನೆಯಿಂದ ಅಕ್ಕಿ, ಕೊಬ್ಬರಿ ಸೆರಗಿನಲ್ಲಿ ಹಾಕಿಸಿಕೊಳ್ಳದೆ ಹೋಗುವ ಹೆಂಗಸು ಮತ್ತೆ ಆ ಹೊಸ್ತಿಲು ತುಳಿಯುವುದು ಕಷ್ಟವೆಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು.

ನಾನು ಸಮಾಧಾನ ಹೇಳುವ ಭರದಲ್ಲಿ, ಬಾಡಿಗೆಯ ಚಿಂತೆ ಬಿಡಿ, ಅದೆಲ್ಲ ಲಿಂಕಿನಲ್ಲಿ ಬಂದು ಮೇಲೂ ಆಗಿದೆಯಲ್ಲ ಎಂದೆ. ಪಾಲಯ್ಯನವರು ಹೌಹಾರಿದರು. ‘ನಾ ಎಲ್ಲಿ ಕೊಟ್ಟೀನ್ರಿ? ನೀವು ಕಳಿಸಿದ ಕವಿತಿ ಭಾಳ ಚಲೋ ಇತ್ತು, ಮದಿವಿ ಮ್ಯಾಲೇ ಬರದೀರಿ ಅಂತ ನಮ್ಮ ಬಳಗದ ಗ್ರೂಪಿಗೆ ಹಾಕಿದ್ದೆ, ಅಷ್ಟ!’

ಮಾನ್ಯರೇ, ಆಗ ನಾನು ಫೋನು ತೆರೆದು ಹೆಸರುಗಳನ್ನು ನೋಡಿದೆ. ಕಮಲಾಪುರದ ಸೋದರಮಾವ, ಪಾಪಿನಾಯಕನಹಳ್ಳಿಯ ಷಡ್ಡಕ, ಸಂಡೂರಿನ ನಾದಿನಿ, ಹೀಗೆ ಇಡೀ ಬಳಗವೇ ಐಶ್ವರ್ಯಳ ಮದುವೆಯ ಮುಯ್ಯಿಯನ್ನು ಕೈಲಾದಷ್ಟು, ಇಂದಿಲ್ಲವೆ ನಾಳೆ ಎಂಬಂತೆ, ನನ್ನ ಶಾಮಿಯಾನದ ಖಾತೆಗೆ ಹಾಕಿತ್ತು. ಹೆಸರು ಹೇಗೂ ಮೈಕಿನಲ್ಲಿ ಬರುತ್ತದೆಂದು ನಂಬಿ ಬಂದು ಕೂತಿತ್ತು, ಬಾರದಾಗ ಮುನಿದು ಉಂಡು ಹೋಗಿತ್ತು. ನಾನು ಅವರೆದುರೇ ಮೈಕ್ ಹಿಡಿದು ಕೂತಿದ್ದೆ. ಅವರ ಮುಯ್ಯಿಯನ್ನು ಮಾತ್ರ ತಮ್ಮ ಡಬ್ಬಿ ಹೊಸಪೇಟೆಯಲ್ಲಿ ಖಾಲಿ ಗೋದಾಮಿನ ಬಿದಿರು ಗಳಗಳಿಗೆ ಓದಿ ಹೇಳಿತ್ತು, ಅದೂ ಹೆಸರಿಲ್ಲದೆ. ಆ ಹೆಸರುಗಳ ನಡುವೆ ‘ಎರ್ರೆಮ್ಮ, ಐದು ಸಾವಿರದ ಒಂದು’ ಎಂದಿತ್ತು. ಹೊಳೆಮ್ಮನವರು ಒದ್ದೆ ಕೈಯಲ್ಲೇ ಫೋನು ಇಸಿದುಕೊಂಡು, ಕನ್ನಡಕವಿಲ್ಲದೆ ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ‘ಕೊಟ್ಟಾಳ?’ ಎಂದು ಗಂಡನನ್ನು ಕೇಳಿದರು, ‘ಕೊಟ್ಟಾಳ!’ ಎಂದು ಕೊಪ್ಪರಿಗೆಗೆ ಹೇಳಿದರು.

ಪಾಲಯ್ಯನವರು ವ್ಯಾಪಾರಸ್ಥರಲ್ಲವೇ, ‘ಹಂಗಾರ ಬಾಡಿಗಿಗೆ ಮುರಕೊಂಡು ಮಿಕ್ಕಿದ್ದು ಕೊಡ್ರಿ, ಮುಗೀತು’ ಎಂದರು. ಹೊಳೆಮ್ಮನವರು ಒಪ್ಪಲಿಲ್ಲ. ‘ಓದಿಸಲಾರದ್ದು ಮುಯ್ಯಿ ಹೆಂಗಾದೀತು? ಕೊಟ್ಟೋರ ಹೆಸರು ಬೀದಿ ಕೇಳಬೇಕು, ಬೀಗರು ಕೇಳಬೇಕು. ಕವಿತಿ ಬರದೋರು ನೀವ, ಕಳಿಸಿದೋರು ಇವರು. ಇಬ್ಬರೂ ಕೂಡಿ ಮತ್ತೊಮ್ಮಿ ಚಪ್ಪರ ಹಾಕ್ರಿ’ ಎಂದು ತೀರ್ಪು ಕೊಟ್ಟರು. ಲಾರಿಗೆ ಹೇರಿದ್ದ ಶಾಮಿಯಾನವನ್ನು ಇಳಿಸಿ, ಅಂಗಡಿಯ ಇತಿಹಾಸದಲ್ಲಿ ಮೊದಲ ಬಾರಿಗೆ, ಒಂದೇ ಮದುವೆಗೆ ಎರಡು ಸಲ ಕಟ್ಟುವುದೆಂದಾಯಿತು.

ಮುಯ್ಯಿಯನ್ನು ನೋಟಾಗಿಯೇ ಮೇಜಿನ ಮೇಲಿಟ್ಟು ಓದಬೇಕೆಂದು ಬ್ಯಾಂಕಿಗೆ ಹೋದೆ. ಅಲ್ಲಿ ತಮ್ಮ ಮತ್ತೊಂದು ಗುಣ ಪರಿಚಯವಾಯಿತು. ಐನೂರಾ ಒಂದು ಎಂದು ಡಬ್ಬಿ ಒದರಿದ್ದು ಖಾತೆಯಲ್ಲಿ ನಾನೂರಾ ಎಂಬತ್ತೊಂಬತ್ತು ಚಿಲ್ಲರೆಯಾಗಿ ಕೂತಿತ್ತು. ತಾವು ದುಡಿದಿದ್ದೀರಿ, ಕೂಲಿ ತೆಗೆದುಕೊಂಡಿದ್ದೀರಿ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಸ್ವಾಮಿ, ಐನೂರನ್ನು ಹೇಗಾದರೂ ಕತ್ತರಿಸಿಕೊಳ್ಳಿ, ಆ ಒಂದನ್ನು ಮುಟ್ಟಬಾರದಿತ್ತು. ಸೊನ್ನೆಯಲ್ಲಿ ಮುಗಿಯಬಾರದು, ಮುಂದಕ್ಕೂ ನಂಟು ಬೆಳೆಯಲಿ ಎಂದು ಸೇರಿಸುವ ರೂಪಾಯಿ ಅದು. ನೂರೆಂಟು ಲೆಕ್ಕ ಗೊತ್ತಿರುವ ತಮಗೆ ಆ ಒಂದರ ಲೆಕ್ಕ ಗೊತ್ತಿಲ್ಲದ್ದು ಕಂಡು ಮರುಕ ಹುಟ್ಟಿತು. ಕಡಿಮೆ ಬಿದ್ದದ್ದನ್ನು ನಾನೇ ತುಂಬಿ, ಬಸ್‌ಸ್ಟ್ಯಾಂಡಿನ ಪಾನ್ ಅಂಗಡಿಗಳಲ್ಲೆಲ್ಲ ಬೇಡಿ ಒಂದು ರೂಪಾಯಿಯ ಬಿಲ್ಲೆಗಳನ್ನು ಕೂಡಿಸಿದೆ.

ಎರ್ರೆಮ್ಮನವರು ತಂಗಿಯ ಫೋನು ಎತ್ತಲೇ ಇಲ್ಲ. ಕೊನೆಗೆ ಐಶ್ವರ್ಯ, ‘ದೊಡ್ಡಮ್ಮ, ನೀ ಬರಲಿಲ್ಲಂದ್ರ ನಾನು ಗಂಡನ ಮನಿಗೆ ಹೊಳ್ಳಿ ಹೋಗಂಗಿಲ್ಲ, ಆಮೇಲೆ ನೀನ ನನ್ನ ಸಾಕು’ ಎಂದು ಧ್ವನಿ ಸಂದೇಶ ಕಳಿಸಿದಳು. ಮಧ್ಯಾಹ್ನದ ಬಸ್ಸಿಗೆ ಎರ್ರೆಮ್ಮ ಬಂದರು. ಕೈಯಲ್ಲಿ ಎಣ್ಣೆ ಜಿನುಗುವ ಮಿರ್ಚಿ ಪೊಟ್ಟಣ, ಮುಖದಲ್ಲಿ ಇನ್ನೂ ಆರದ ಸಿಟ್ಟು. ಮುಂದಿನ ಸಾಲಿಗೆ ಕರೆದರೆ ಬರಲಿಲ್ಲ, ಹಿಂದಿನ ಸಾಲಿನಲ್ಲಿ ಕಂಬಕ್ಕೆ ಒರಗಿ ಕೂತರು. ಬಳಗವಿತ್ತು, ಬೀಗರಿದ್ದರು, ಏನು ನಡೆಯುತ್ತಿದೆಯೆಂದು ನೋಡಲು ಓಣಿಯೆಲ್ಲ ನಿಂತಿತ್ತು. ನಾನು ಮೊದಲ ಹೆಸರಾಗಿ ಓದಿದೆ: ‘ಹೊಳೆಮ್ಮನವರ ತವರುಮನೆಯಿಂದ, ದೋಣಿಮಲೈ ಎರ್ರೆಮ್ಮನವರು, ಐದು ಸಾವಿರದ ಒಂದು ರೂಪಾಯಿ!’

ಹಿಂದಿನಿಂದ ಧ್ವನಿ ಬಂತು: ‘ಕೇಳಸಲಿಲ್ರಿ. ಇನ್ನೊಮ್ಮಿ ಓದ್ರಿ.’

ಓದಿದೆ. ‘ಮೈಕ್ ಕೆಟ್ಟೈತೇನ್ರಿ? ಬಾಡಿಗಿ ಮಾತ್ರ ಜೋರು ತಗೋತೀರಂತ’ ಎಂದರು. ನನ್ನ ಮೈಕು ಹೊಳೆಯ ಆಚೆ ದಂಡೆಗೂ ಕೇಳುತ್ತದೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹೊಳೆಮ್ಮನವರು ನನ್ನ ಕೈಯಿಂದ ಮೈಕು ಕಸಿದುಕೊಂಡರು. ಜನ್ಮದಲ್ಲಿ ಮೈಕು ಹಿಡಿದವರಲ್ಲ, ಬಾಯಿಗೆ ಅಂಟಿಸಿಕೊಂಡೇ ಕೂಗಿದರು: ‘ನಮ್ಮಕ್ಕ ಎರ್ರೆಮ್ಮ! ನಮ್ಮ ತವರುಮನಿ! ಐದು ಸಾವಿರದ ಒಂದು! ಈಗರ ಕೇಳಿಸ್ತೇನಕ್ಕಾ?’

‘ಕೇಳಿಸ್ತು ಬಿಡಬೇ. ಊರು ಕಿವುಡ ಆಗಂಗ ಒದರಬ್ಯಾಡ’ ಎಂದು ಎರ್ರೆಮ್ಮ ಎದ್ದು, ಸೆರಗು ಬಿಡಿಸಿ ಹಿಡಿದುಕೊಂಡೇ ತಂಗಿಯ ಕಡೆ ನಡೆದರು. ಹೊಳೆಮ್ಮನವರು ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬುವಾಗ ಅಕ್ಕ ತಂಗಿ ಇಬ್ಬರೂ ಅಳುತ್ತ, ತಪ್ಪು ನಿನ್ನದೇ ಎಂದು ಒಬ್ಬರನ್ನೊಬ್ಬರು ಬೈಯುತ್ತಿದ್ದರು. ಹೋಗುವಾಗ ಎರ್ರೆಮ್ಮ ನನ್ನ ಬಳಿ ಬಂದು, ‘ಅಂಗಡ್ಯಾಗ ಫೋನಿಗೆ ರೊಕ್ಕ ಬರೋದಷ್ಟ ಗೊತ್ತಿತ್ರಿ ನನಗ. ಕಳಿಸಿದ್ದು ಇದ ಮೊದಲು. ಮೊದಲ ಸಲಕ್ಕ ಶಾಮಿಯಾನದಾವನ ಮನಿ ಸೇರಿತಲ್ರಿ’ ಎಂದು ಒಂದು ಮಿರ್ಚಿ ಕೊಟ್ಟರು. ಖಾರ ಬಹಳವಿತ್ತು, ನನಗೆ ಸಲ್ಲಬೇಕಾದದ್ದೇ.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ಬೇಡಿಕೆಗಳು ಹೆಚ್ಚೇನಿಲ್ಲ. ಮುಂದೆ ತಾವು ಯಾರ ಫೋನಿಗೆ ಹೋದರೂ ಒಂದು ಸಣ್ಣ ಮೈಕನ್ನು ಹೆಗಲಿಗೆ ಹಾಕಿಕೊಂಡು ಹೋಗಿ, ಕೊಟ್ಟವರ ಹೆಸರನ್ನು ಅವರ ಬೀಗರಿಗೆ ಕೇಳುವಂತೆ ಅಲ್ಲೇ ಕೂಗಬೇಕು. ಒತ್ತುವವರನ್ನು, ತಾವು ಗಿರಾಕಿಯೋ ಷಡ್ಡಕರೋ ಎಂದು ಮೊದಲೇ ವಿಚಾರಿಸಬೇಕು. ಮಂಗಳವಾರ, ಶುಕ್ರವಾರ ಯಾರಾದರೂ ಒತ್ತಿದರೆ, ಇವತ್ತು ಬೇಡ, ಲಕ್ಷ್ಮಿ ಮನೆಯಲ್ಲೇ ಇರಲಿ, ಚಹ ಕುಡಿದು ಹೋಗಿ ಎನ್ನಬೇಕು. ಚಹವನ್ನೂ ತಾವೇ ಕೊಟ್ಟರೆ ಉತ್ತಮ. ಪ್ರಾಸವಿರುವ ಸಂದೇಶದ ಜೊತೆ ಯಾರಾದರೂ ತಮ್ಮನ್ನು ಕಳಿಸಲು ಬಂದರೆ ಹೊರಡಲು ಖಂಡಿತ ಒಪ್ಪಬಾರದು. ಆ ಒಂದು ವಿಷಯದಲ್ಲಿ ನನ್ನನ್ನೂ ನಂಬಬೇಡಿ. ಇಷ್ಟಾದರೂ ತಮ್ಮನ್ನು ಬಿಡುವ ಯೋಚನೆ ನನಗಿಲ್ಲ, ಏಕೆಂದರೆ

ಲಿಂಕು ಬಂದ ಮೇಲೆ ತಪ್ಪಿತು ಅಲೆದಾಟ,
ಒಂದೇ ಮದುವೆಗೆ ಎರಡು ಸಲ ಊಟ.

ನೆಟ್‌ವರ್ಕ್ ಇರುವ ತನಕ ತಮ್ಮ ವಿಶ್ವಾಸಿ, ಇಲ್ಲದಾಗ ಕಂಪ್ಲಿ ಬಸ್ಸಿನ ಪ್ರಯಾಣಿಕ,
ಸಿದ್ದಲಿಂಗೇಶ್, ಬಿ.ಎ.
ನೀಲಗಂಗಮ್ಮ ಶಾಮಿಯಾನ, ಹೊಸಪೇಟೆ

ತಾ.ಕ.: ಪಾಲಯ್ಯನವರು ಮೊದಲ ದಿನದ ಬಾಡಿಗೆಯನ್ನು ಎರಡನೆಯ ಸಲ ಓದಿ ಮುಗಿಸಿದ ಕೂಡಲೇ ಅದೇ ಮೇಜಿನ ಮೇಲೆ ಎಣಿಸಿ ಕೊಟ್ಟರು. ಎರಡನೆಯ ದಿನದ್ದನ್ನು ಕೇಳಲು ನನಗೆ ಮುಖವಿಲ್ಲ. ಈ ಪತ್ರ ಮುಗಿಸುವಷ್ಟರಲ್ಲಿ ಡಬ್ಬಿ ಮತ್ತೆ ‘ನೂರಾ ಒಂದು ರೂಪಾಯಿ ಸ್ವೀಕರಿಸಲಾಗಿದೆ’ ಎಂದಿದೆ. ಗ್ರೂಪಿನಲ್ಲಿ ಯಾರೋ ನನ್ನ ಕವಿತೆಯನ್ನು ಈಗಷ್ಟೇ ಓದಿರಬೇಕು. ಇನ್ನೊಂದು ಮಾತು. ಆ ಮದುವೆಯ ಒಟ್ಟು ಮುಯ್ಯಿಯಲ್ಲಿ ತಾವೂ ಒಂದಿಷ್ಟು ಎತ್ತಿಕೊಂಡಿರುವುದರಿಂದ ನಮ್ಮ ಪದ್ಧತಿಯಂತೆ ತಾವು ಈಗ ಬಳಗಕ್ಕೆ ಸೇರಿದ್ದೀರಿ, ಎತ್ತಿದ್ದನ್ನು ಮುಂದಿನ ಮದುವೆಯಲ್ಲಿ ತಿರುಗಿಸಬೇಕು. ಸಂಡೂರಿನ ನಾದಿನಿಯ ಮಗನ ಲಗ್ನ ನಿಶ್ಚಯವಾಗಿದೆ. ಮೈಕು ನನ್ನದೇ, ತಮ್ಮ ಹೆಸರನ್ನು ಬೀಗರ ಎದುರಿಗೇ ಓದುತ್ತೇನೆ. ಮೇಲಿನ ಒಂದು ರೂಪಾಯಿಯನ್ನು ಮರೆಯದೆ ತನ್ನಿ. ದಾರಿಯಲ್ಲಿ ಅದನ್ನು ಮುರಿದುಕೊಳ್ಳಲು ಯಾರಾದರೂ ಬಂದರೆ, ಅವರು ಎಷ್ಟು ಸದ್ದಿಲ್ಲದೆ ಬರುತ್ತಾರೆಂಬುದು ತಮಗೇ ಚೆನ್ನಾಗಿ ಗೊತ್ತು.